ಅಪ್ಪ ಮನೆ ಕಟ್ಟಿದ ವಯಸ್ಸಿಗೇ ನಾನೂ ಕಟ್ಟಬೇಕೇ?

ಪ್ರಶ್ನೆ: ನನಗೆ 32 ವರ್ಷ. ಗಿಣಿಗೇರಾ ಹತ್ತಿರದ ಖಾಸಗಿ ಉಕ್ಕಿನ ಕಾರ್ಖಾನೆಯಲ್ಲಿ ಆರು ವರ್ಷದಿಂದ ಕೆಲಸ. ಒಟ್ಟು ಸಂಬಳ 48,000, ಮೂಲ ವೇತನ 25,000, ಕೈಗೆ ಬರುವುದು 44,000 ಚಿಲ್ಲರೆ. ಕೊಪ್ಪಳದಲ್ಲಿ 7,500 ರೂಪಾಯಿ ಬಾಡಿಗೆ ಮನೆಯಲ್ಲಿ ಹೆಂಡತಿ, ಮೂರು ವರ್ಷದ ಮಗಳ ಜೊತೆ ಇದ್ದೇನೆ. ಪಿಎಫ್‌ನಲ್ಲಿ 4 ಲಕ್ಷ, ಬ್ಯಾಂಕಿನಲ್ಲಿ 6 ಲಕ್ಷ ಎಫ್‌ಡಿ ಇದೆ. ತಿಂಗಳಿಗೆ 12,000 ಉಳಿಯುತ್ತದೆ. ತಂದೆ ನಿವೃತ್ತ ಸರ್ಕಾರಿ ಹೈಸ್ಕೂಲ್ ಮಾಸ್ತರರು, ಪಿಂಚಣಿ 42,000. ಅವರು 1994ರಲ್ಲಿ ಪ್ಲಾಟ್ ಸೇರಿ 1.80 ಲಕ್ಷದಲ್ಲಿ ಗಂಗಾವತಿಯಲ್ಲಿ ಕಟ್ಟಿದ ಮನೆಗೆ ಈಗ 45 ಲಕ್ಷ ಹೇಳುತ್ತಾರೆ. "ನಿನ್ನ ವಯಸ್ಸಿಗೆ ನಾನು ಸ್ವಂತ ಮನೆಯಲ್ಲಿದ್ದೆ, ಪಿಎಫ್ ತೆಗೆದು ಒಂದು ಪ್ಲಾಟ್ ಆದರೂ ಹಿಡಿ" ಎನ್ನುತ್ತಾರೆ. ಮುಂದಿರುವ ದಾರಿ ಮೂರು: ಕೊಪ್ಪಳದ ಹೊರಗೆ 14 ಲಕ್ಷಕ್ಕೆ 30×40 ಪ್ಲಾಟ್ (ಪಂಚಾಯಿತಿಯ ನಮೂನೆ 11ಬಿ ಇದೆ), ಕೊಪ್ಪಳದಲ್ಲೇ 32 ಲಕ್ಷದ ಮನೆ, ಇಲ್ಲವೇ ತಂದೆಯ ಮನೆ ಮೇಲೆ 14 ಲಕ್ಷದಲ್ಲಿ ಮೊದಲ ಮಹಡಿ. ಇಬ್ಬರು ಅಕ್ಕಂದಿರಿಗೆ ಮದುವೆಯಾಗಿದೆ. ಏನು ಮಾಡಲಿ?

ಉತ್ತರ: ಪ್ಲಾಟ್ ಬೇಡ. ಪಿಎಫ್ ಮುಟ್ಟಬೇಡಿ. 32 ಲಕ್ಷದ ಮನೆ ಈಗಿನ ಸಂಬಳಕ್ಕೆ ಭಾರ. ಮೊದಲ ಮಹಡಿ ಮಾತ್ರ ಯೋಚಿಸುವಂಥದ್ದು, ಅದೂ ಕೆಲವು ಷರತ್ತುಗಳ ಮೇಲೆ.

ನಿಮ್ಮ ತಂದೆಯವರ ಮಾತಿನಲ್ಲಿ ತಪ್ಪಿಲ್ಲ. ಅವರ ಕಾಲಕ್ಕೆ ಅದು ಸರಿಯಾದ ಮಾತೇ. ಆದರೆ ಅವರ ಅತಿ ದೊಡ್ಡ ಆಸ್ತಿ ಗಂಗಾವತಿಯ ಮನೆಯಲ್ಲ, ಪಿಂಚಣಿ. ತಿಂಗಳಿಗೆ 42,000 ಅಂದರೆ ವರ್ಷಕ್ಕೆ 5.04 ಲಕ್ಷ. ಇಷ್ಟು ಬಡ್ಡಿ ಇಂದು ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಶೇ. 8.2ರ ದರದಲ್ಲಿ ಬರಬೇಕಾದರೆ 61 ಲಕ್ಷಕ್ಕೂ ಹೆಚ್ಚು ಅಸಲು ಬೇಕು. ಆ ಯೋಜನೆಯಲ್ಲಿ ಒಬ್ಬರು ಇಡಬಹುದಾದ್ದೇ 30 ಲಕ್ಷ. ಮೇಲಾಗಿ ಆ ಬಡ್ಡಿ ಐದು ವರ್ಷ ಅಷ್ಟೇ ಇರುತ್ತದೆ, ಪಿಂಚಣಿ ಹಾಗಲ್ಲ: ತುಟ್ಟಿಭತ್ಯೆ ಏರಿದಂತೆ ಏರುತ್ತದೆ, ವೇತನ ಆಯೋಗ ಬಂದಾಗ ಪರಿಷ್ಕರಣೆಯಾಗುತ್ತದೆ (ಏಳನೇ ವೇತನ ಆಯೋಗದ್ದು 2024ರ ಆಗಸ್ಟ್ 1ರಿಂದ ಜಾರಿಗೆ ಬಂತು), ಅವರ ನಂತರ ನಿಮ್ಮ ತಾಯಿಗೆ ಕುಟುಂಬ ಪಿಂಚಣಿಯಾಗಿ ಮುಂದುವರಿಯುತ್ತದೆ. ಬೆಲೆಯೇರಿಕೆಗೆ ತಕ್ಕಂತೆ ಬೆಳೆಯುವ ಇಂಥ ಆದಾಯವನ್ನು ಕೈಯಿಂದ ಕಟ್ಟಿಕೊಳ್ಳುವುದಾದರೆ, ವರ್ಷಕ್ಕೆ ಅಸಲಿನ ಶೇ. 4ರಷ್ಟು ಮಾತ್ರ ಖರ್ಚು ಮಾಡುವ ಲೆಕ್ಕದಲ್ಲಿ, 1.26 ಕೋಟಿ ಬೇಕಾಗುತ್ತದೆ. ಈ ಗಂಟು ಸರ್ಕಾರದ ಬಳಿ ಸುರಕ್ಷಿತವಾಗಿತ್ತು. ಆದ್ದರಿಂದಲೇ ಅವರು ಉಳಿದ ಕೈದುಡ್ಡನ್ನೆಲ್ಲ ಇಟ್ಟಿಗೆ ಸಿಮೆಂಟಿಗೆ ಹಾಕಿದರೂ ಮುಪ್ಪಿಗೆ ತೊಂದರೆಯಾಗಲಿಲ್ಲ. ರಾಜ್ಯ ಸರ್ಕಾರದ ಕೆಲಸಕ್ಕೆ 2006ರ ಏಪ್ರಿಲ್ 1ರ ನಂತರ ಸೇರಿದವರಿಗೇ ಈ ಭರವಸೆ ಹೋಗಿ ಎನ್‌ಪಿಎಸ್ (ಕಟ್ಟಿದ ಹಣ ಮಾರುಕಟ್ಟೆಯಲ್ಲಿ ಬೆಳೆದಷ್ಟರ ಮೇಲೆ ನಿಂತ ಪಿಂಚಣಿ) ಬಂತು. ಖಾಸಗಿಯವರಾದ ನಿಮಗೆ ಮೊದಲಿನಿಂದಲೂ ಇಲ್ಲ.

ಮನೆಯ 1.80 ಲಕ್ಷ 45 ಲಕ್ಷವಾಗಿದ್ದು 25 ಪಟ್ಟು. ಕೇಳಲು ದೊಡ್ಡದು, ಆದರೆ ವರ್ಷದ ಲೆಕ್ಕಕ್ಕೆ ಇಳಿಸಿದರೆ ಶೇ. 11ರ ಆಸುಪಾಸು. ಅವರು ಮನೆ ಕಟ್ಟಿದ ಕಾಲದಲ್ಲಿ ಪಿಎಫ್ ಬಡ್ಡಿಯೇ ಶೇ. 12 ಇತ್ತು, ಪಿಪಿಎಫ್ ಕೂಡ ಅಷ್ಟೇ. 1988ರಲ್ಲಿ ಶುರುವಾದ ಕಿಸಾನ್ ವಿಕಾಸ್ ಪತ್ರದಲ್ಲಿ ಹಣ ಐದೂವರೆ ವರ್ಷಕ್ಕೆ ದುಪ್ಪಟ್ಟಾಗುತ್ತಿತ್ತು. ಈಗ ಅದಕ್ಕೆ 115 ತಿಂಗಳು. ಅದೇ 1.80 ಲಕ್ಷವನ್ನು ಪಿಎಫ್‌ನಲ್ಲೇ ಬಿಟ್ಟಿದ್ದರೂ ಸರಿಸುಮಾರು 15 ಪಟ್ಟಾಗುತ್ತಿತ್ತು. ಮನೆ ಮುಂದೆ ಹೋಗಿದ್ದು ನಿಜ, ಅದರಲ್ಲಿ ವಾಸ ಮಾಡಿ ಬಾಡಿಗೆ ಉಳಿಸಿದ್ದೂ ನಿಜ. ಆದರೆ ಆ ಪೀಳಿಗೆಗೆ ಎರಡೂ ಕಡೆ ಗಾಳಿ ಅನುಕೂಲವಾಗಿತ್ತು. ಇವತ್ತು ನಿಮ್ಮ ಪಿಎಫ್‌ಗೆ ಶೇ. 8.25, ಪಿಪಿಎಫ್‌ಗೆ ಶೇ. 7.1. ಹಣ ನಿಧಾನಕ್ಕೆ ಬೆಳೆಯುವ ಕಾಲದಲ್ಲಿ ಹೆಚ್ಚು ವರ್ಷ ಬೆಳೆಯಲು ಬಿಡುವುದೊಂದೇ ಉಪಾಯ.

ಈಗ ನಿಮ್ಮ ಮುಪ್ಪಿನ ಲೆಕ್ಕ. ಮೂಲ ವೇತನ 25,000ಕ್ಕೆ ನಿಮ್ಮ ಪಾಲು ಶೇ. 12, ಅಂದರೆ 3,000. ಕಂಪನಿಯೂ 3,000 ಕೊಡುತ್ತದೆ, ಆದರೆ ಅದರಲ್ಲಿ 1,250 ಇಪಿಎಸ್ ಪಿಂಚಣಿ ನಿಧಿಗೆ ಹೋಗಿ ಪಿಎಫ್‌ಗೆ ಬೀಳುವುದು 1,750. ಹೀಗೆ ತಿಂಗಳಿಗೆ 4,750. ಸಂಬಳ ವರ್ಷಕ್ಕೆ ಶೇ. 6 ಏರಿ, ಬಡ್ಡಿ ಶೇ. 8.25 ಉಳಿದರೆ 58ಕ್ಕೆ ಸುಮಾರು 84 ಲಕ್ಷ. ಈಗಿರುವ 4 ಲಕ್ಷ ತನ್ನಷ್ಟಕ್ಕೆ 31 ಲಕ್ಷವಾಗುತ್ತದೆ. ಒಟ್ಟು 1.15 ಕೋಟಿ! ಆದರೆ ಬೆಲೆ ವರ್ಷಕ್ಕೆ ಶೇ. 5 ಏರಿದರೂ ಅದು ಇಂದಿನ 32 ಲಕ್ಷಕ್ಕೆ ಸಮ. ಶೇ. 4ರ ಲೆಕ್ಕದಲ್ಲಿ ತಿಂಗಳಿಗೆ 10,700 ರೂಪಾಯಿ.

ಇಪಿಎಸ್ ಪಿಂಚಣಿ ಕೈ ಹಿಡಿಯುತ್ತದೆ ಎಂದು ಬಹಳ ಜನ ನಂಬಿಕೊಂಡಿದ್ದಾರೆ. ಸೂತ್ರ ಸರಳ: ಪಿಂಚಣಿಗೆ ಲೆಕ್ಕ ಹಾಕುವ ಸಂಬಳವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ. ನಿಮ್ಮ ಸಂಬಳ ಎಷ್ಟೇ ಇರಲಿ, 2014ರ ಸೆಪ್ಟೆಂಬರ್‌ನಿಂದ ಈ ಲೆಕ್ಕದ ಮಿತಿ 15,000. 58ಕ್ಕೆ ನಿಮ್ಮ ಸೇವೆ 32 ವರ್ಷ, 20 ದಾಟಿದವರಿಗೆ ಸಿಗುವ ಎರಡು ವರ್ಷ ಸೇರಿ 34. ಬರುವುದು 7,286 ರೂಪಾಯಿ. ಅದಕ್ಕೆ ತುಟ್ಟಿಭತ್ಯೆ ಇಲ್ಲ. 26 ವರ್ಷದ ನಂತರ ಅದರ ಬೆಲೆ ಇಂದಿನ ಎರಡು ಸಾವಿರ. ಮಿತಿ ಮುಂದೆ ಏರಬಹುದು, ಅದನ್ನು ನೆಚ್ಚಿ ಸಾಲ ಮಾಡಬೇಡಿ. ಹೀಗೆ ಇಂದಿನ ಹಣದಲ್ಲಿ ನಿಮಗೆ 12–13 ಸಾವಿರ, ತಂದೆಯವರಿಗೆ 42,000. ಮೊದಲು ತುಂಬಬೇಕಾದ ಹಳ್ಳ ಇದು.

ಪಿಎಫ್ ತೆಗೆಯುವ ವಿಷಯ. ಮನೆ, ಪ್ಲಾಟ್‌ಗೆಂದು ಹಣ ತೆಗೆಯಲು ನಿಯಮದಲ್ಲಿ ಅವಕಾಶವಿದೆ. ಶೇ. 8.5ರ ಸಾಲ ತಪ್ಪಿಸಲು ಶೇ. 8.25ರ ಪಿಎಫ್ ತೆಗೆದರೆ ಕಾಗದದ ಮೇಲೆ ನಷ್ಟವೇನೂ ಕಾಣುವುದಿಲ್ಲ. ಆದರೆ ಆ ಲೆಕ್ಕ ಸರಿಹೋಗಬೇಕಾದರೆ, ಸಾಲ ಕಡಿಮೆಯಾದ್ದರಿಂದ ಉಳಿದ ಕಂತಿನ ಹಣವನ್ನು ತಿಂಗಳು ತಪ್ಪದೆ ಮತ್ತೆ ಮುಪ್ಪಿಗೆಂದೇ ಕಟ್ಟಬೇಕು. ಯಾರೂ ಕಟ್ಟುವುದಿಲ್ಲ, ಅದು ಗಾಡಿಗೋ ಮಾಡ್ಯುಲರ್ ಕಿಚನ್‌ಗೋ ಹೋಗುತ್ತದೆ. ಸಾಲಕ್ಕೆ ಬ್ಯಾಂಕಿನವರು ಬೆನ್ನು ಬೀಳುತ್ತಾರೆ, ಮುಪ್ಪಿನ ಗಂಟಿಗೆ ಬೆನ್ನು ಬೀಳುವವರು ಯಾರೂ ಇಲ್ಲ.

ಪ್ಲಾಟ್‌ಗೆ ಬರೋಣ. 11ಬಿ ಎಂಬುದು ಪಂಚಾಯಿತಿ ತೆರಿಗೆ ಕಟ್ಟಿಸಿಕೊಳ್ಳಲು ತೆರೆದ ದಾಖಲೆ. ಕೃಷಿಯೇತರ ಪರಿವರ್ತನೆ, ಬಡಾವಣೆ ನಕ್ಷೆಯ ಮಂಜೂರಾತಿ ಸರಿಯಿದ್ದ ಆಸ್ತಿಗೆ ನಮೂನೆ 9 ಮತ್ತು 11ಎ ಬರುತ್ತದೆ. ನಿಮ್ಮದು 11ಬಿ ಅಂದರೆ ಆ ಎರಡರಲ್ಲಿ ಒಂದಾದರೂ ಇಲ್ಲ. "ಇ-ಸ್ವತ್ತಿನಲ್ಲಿ ಬಂದಿದೆ, ರಿಜಿಸ್ಟ್ರಿ ಆಗುತ್ತೆ" ಎಂದು ಏಜೆಂಟ್ ಹೇಳಿದರೆ ನಂಬಿ ಕೂರಬೇಡಿ. ರಿಜಿಸ್ಟ್ರಿ ಆದ ಮಾತ್ರಕ್ಕೆ ಬಡಾವಣೆ ಸಕ್ರಮವಾಗುವುದಿಲ್ಲ. ಬಹುತೇಕ ಬ್ಯಾಂಕುಗಳು ಇದರ ಮೇಲೆ ಸಾಲ ಕೊಡುವುದಿಲ್ಲ, ನಾಳೆ ನಿಮ್ಮಿಂದ ಕೊಳ್ಳುವವನಿಗೂ ಕೊಡುವುದಿಲ್ಲ. ಹಾಗಾಗಿ ಅದನ್ನು ಕೊಳ್ಳಬಲ್ಲವರು ನಗದು ಇರುವವರು ಮಾತ್ರ.

11ಎ ಇರುವ ಪ್ಲಾಟ್ ಸಿಕ್ಕರೂ ಹಳೆಯ ಪಹಣಿಗಳನ್ನು ಹಿಂದಕ್ಕೆ ನೋಡುತ್ತ ಹೋಗಿ. ನಮ್ಮ ಭಾಗದಲ್ಲಿ ದಲಿತ, ಪರಿಶಿಷ್ಟ ಪಂಗಡದ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಸಾಕಷ್ಟಿದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದು ಕೈ ಬದಲಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಮೂಲ ಮಂಜೂರುದಾರರಿಗೆ ಹಿಂದಿರುಗಿಸಬೇಕಾಗುತ್ತದೆ, ಮತ್ತು 2023ರ ತಿದ್ದುಪಡಿಯ ನಂತರ ಅವರು ಅರ್ಜಿ ಹಾಕಲು ಕಾಯ್ದೆಯಲ್ಲಿ ಕಾಲಮಿತಿಯೇ ಇಲ್ಲ. ಋಣಭಾರ ಪತ್ರ 30 ವರ್ಷದ್ದು ತೆಗೆಸಿದರೂ ಮಂಜೂರಾತಿ ಅದಕ್ಕೂ ಹಿಂದಿನದಾಗಿದ್ದರೆ ಅದರಲ್ಲಿ ಕಾಣದು. ಮೂಲ ಮಂಜೂರಾತಿ ಕಡತವನ್ನೇ ತಹಶೀಲ್ದಾರ್ ಕಚೇರಿಯಿಂದ ನಕಲು ತೆಗೆಸಬೇಕು.

ಖರ್ಚೂ ಇದೆ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಸರ್ಚಾರ್ಜ್, 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ ಎಲ್ಲ ಸೇರಿ ಶೇ. 7.6 ದಾಟುತ್ತದೆ. 14 ಲಕ್ಷಕ್ಕೆ ಒಂದು ಲಕ್ಷದ ಮೇಲೆ ಅಲ್ಲೇ ಹೋಯಿತು, ದಲ್ಲಾಳಿಯದು ಬೇರೆ. ಬಾಡಿಗೆ ಹುಟ್ಟದ ಖಾಲಿ ನೆಲ ಶೇ. 9–10 ಏರಿದ ಮೇಲಷ್ಟೇ ನಿಮ್ಮ ಅಸಲು ವಾಪಸ್.

ಇನ್ನೊಂದು ಅಪಾಯ ನಿಮಗೇ ವಿಶೇಷವಾದದ್ದು. ನಿಮ್ಮ ಸಂಬಳ ಉಕ್ಕಿನಿಂದ ಬರುತ್ತದೆ. ಗಿಣಿಗೇರಾ ಸುತ್ತಲಿನ ಪ್ಲಾಟಿನ ದರವೂ ಉಕ್ಕಿನ ಮೇಲೆಯೇ ನಿಂತಿದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಸಂಡೂರು, ಹೊಸಪೇಟೆ ಕಡೆ ಲಾರಿ ಕಂತು ಕಟ್ಟುವವರ ಕೆಲಸವೂ ಹೋಯಿತು, ಅವರು ಹಿಡಿದಿಟ್ಟಿದ್ದ ಪ್ಲಾಟಿಗೆ ಗಿರಾಕಿಯೂ ಹೋದ. ಕೆಲಸ ಹೋದ ದಿನವೇ ಆಸ್ತಿಯೂ ಮಾರಾಟವಾಗದಂಥ ಜಾಗದಲ್ಲಿ ಹಣ ಹಾಕಬಾರದು.

32 ಲಕ್ಷದ ಮನೆಗೆ ಬ್ಯಾಂಕು 25 ಲಕ್ಷ ಸಾಲ ಕೊಡುತ್ತದೆ ಎಂದುಕೊಳ್ಳಿ. ನಿಮ್ಮ ಕೈಯಿಂದ 7 ಲಕ್ಷ, ನೋಂದಣಿಗೆ 2.43 ಲಕ್ಷ, ಎಫ್‌ಡಿ, ಪಿಎಫ್ ಎರಡೂ ಅಲ್ಲಿಗೇ ಖಾಲಿ. ದರ ಈಗ ಇದಕ್ಕಿಂತ ಕಡಿಮೆ ಸಿಕ್ಕರೂ 20 ವರ್ಷದ ಯೋಜನೆಗೆ ಶೇ. 8.5 ಇಟ್ಟುಕೊಳ್ಳಿ: ಕಂತು 21,696, ಸಂಬಳದ ಅರ್ಧ. ಮೊದಲ ತಿಂಗಳ ಕಂತಿನಲ್ಲಿ 17,708 ಬಡ್ಡಿಗೆ ಹೋಗಿ ಅಸಲಿಗೆ ಜಮೆಯಾಗುವುದು 3,988. ಐದು ವರ್ಷ ಕಟ್ಟಿ 13 ಲಕ್ಷ ಕೊಟ್ಟ ಮೇಲೂ ಸಾಲ 22 ಲಕ್ಷ ಉಳಿದಿರುತ್ತದೆ. ಐದಾರು ವರ್ಷದಲ್ಲಿ ತೋರಣಗಲ್ಲಿಗೋ ಬೇರೆ ರಾಜ್ಯಕ್ಕೋ ಕೆಲಸ ಬದಲಿಸುವ ಸಾಧ್ಯತೆ ಇರುವವರು ಈ ಅಂಕಿಯನ್ನು ಎರಡು ಸಲ ಓದಬೇಕು.

"ಟ್ಯಾಕ್ಸ್ ಉಳಿಯುತ್ತೆ ಸಾರ್" ಎಂಬ ಮಾತು ನಿಮ್ಮ ವಿಷಯದಲ್ಲಿ ಸುಳ್ಳು. ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆಯೇ ಇಲ್ಲ, ನಿಮ್ಮ ವಾರ್ಷಿಕ ಸಂಬಳ 5.76 ಲಕ್ಷ. ಇಲ್ಲದ ತೆರಿಗೆಯನ್ನು ಉಳಿಸುವುದು ಹೇಗೆ? ನಿಮಗೆ ನಿಜಕ್ಕೂ ಸಿಗಬಹುದಾದ್ದು ಪ್ರಧಾನಮಂತ್ರಿ ಆವಾಸ್ ಯೋಜನೆ–ನಗರ 2.0ರ ಬಡ್ಡಿ ಸಹಾಯಧನ. ವಾರ್ಷಿಕ ಆದಾಯ 9 ಲಕ್ಷದೊಳಗೆ, ಮನೆಯ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇದ್ದರೆ ಮೊದಲ 8 ಲಕ್ಷ ಸಾಲಕ್ಕೆ ಶೇ. 4ರಂತೆ, ಗರಿಷ್ಠ 1.80 ಲಕ್ಷ ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಬರುತ್ತದೆ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳ ಹೆಸರಲ್ಲಿ ದೇಶದಲ್ಲೆಲ್ಲೂ ಪಕ್ಕಾ ಮನೆ ಇರಬಾರದು. ತಂದೆಯ ಮನೆ ಇದಕ್ಕೆ ಅಡ್ಡಿಯಲ್ಲ. ಆದರೆ ಆ ಮನೆಯನ್ನು ದಾನಪತ್ರದಲ್ಲಿ ನಿಮ್ಮ ಹೆಸರಿಗೆ ಮಾಡಿಸಿಕೊಂಡ ಗಳಿಗೆಯಿಂದ ನೀವು ಅನರ್ಹರು. ಆದ್ದರಿಂದ ಯಾವ ಮನೆ ಎಂದು ತೀರ್ಮಾನಿಸದೆ ದಾನಪತ್ರಕ್ಕೆ ಕೈ ಹಾಕಬೇಡಿ.

ಕಂತು ಕೈಗೆ ಬರುವ ಸಂಬಳದ ಮೂರನೇ ಒಂದು ಭಾಗ ದಾಟಬಾರದು. ನಿಮಗದು 14,700, ಅಂದರೆ ಸಾಲ 17 ಲಕ್ಷದವರೆಗೆ. ಬ್ಯಾಂಕು ಹೆಚ್ಚು ಕೊಡಲು ಸಿದ್ಧವಿರುತ್ತದೆ, ಅದು ನಿಮ್ಮ ಮುಪ್ಪಿನ ಲೆಕ್ಕ ಹಾಕುವುದಿಲ್ಲ. ಸಾಲ ತೆಗೆದುಕೊಂಡ ಮೇಲೆ ದರ ಏರಿದರೆ ಕಂತು ಏರಿಸುವುದೋ ಅವಧಿ ಎಳೆಯುವುದೋ ಎಂದು ಬ್ಯಾಂಕು ಕೇಳಬೇಕು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೋ ದರ (ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಸಾಲ ಕೊಡುವ ದರ) ಶೇ. 4ರಿಂದ 6.5ಕ್ಕೆ ಏರಿದಾಗ ಎಷ್ಟೋ ಜನರ ಅವಧಿ ಅವರಿಗೆ ತಿಳಿಯದಂತೆಯೇ ವರ್ಷಗಟ್ಟಲೆ ಉದ್ದವಾಯಿತು. ಕಂತು ಏರಿಸಿ ಎಂದು ಬರೆದುಕೊಡಿ. ಬೋನಸ್ ಬಂದಾಗ ವರ್ಷಕ್ಕೊಂದು ಕಂತು ಹೆಚ್ಚಿಗೆ ಕಟ್ಟಿದರೆ 20 ವರ್ಷದ ಸಾಲ ಮೂರು ವರ್ಷಕ್ಕೂ ಹೆಚ್ಚು ಮೊದಲೇ ತೀರುತ್ತದೆ. ಬದಲಾಗುವ ಬಡ್ಡಿ ದರದ ಮನೆ ಸಾಲಕ್ಕೆ ಮುಂಗಡ ಪಾವತಿಯ ದಂಡವಿಲ್ಲ.

ಉಳಿದದ್ದು ಗಂಗಾವತಿಯ ಮೊದಲ ಮಹಡಿ. 3.5 ಲಕ್ಷ ಕೈಯಿಂದ ಹಾಕಿ 10.5 ಲಕ್ಷ ಸಾಲ ಮಾಡಿದರೆ ಕಂತು 9,100. ನೀವು ಅಲ್ಲೇ ವಾಸ ಮಾಡಿದರೆ ಮಾತ್ರ ಇದು ಅರ್ಥವಿರುವ ಲೆಕ್ಕ. ಗಿಣಿಗೇರಾ–ಮಹಬೂಬ್‌ನಗರ ರೈಲು ಮಾರ್ಗ ಗಂಗಾವತಿ ದಾಟಿ ಸಿಂಧನೂರು ಮುಟ್ಟಿರುವುದರಿಂದ ಓಡಾಟ ಅಸಾಧ್ಯವಲ್ಲ, ಆದರೆ ರೈಲಿನ ಸಮಯ ನಿಮ್ಮ ಮೂರು ಪಾಳಿಗೂ ಹೊಂದುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಬರುವ ಯೋಜನೆ ಇದ್ದರೆ ಕೈಬಿಡಿ. ಯಾರೂ ಇರದ ಮಹಡಿಯನ್ನು ಅಪ್ಪನ ಸಮಾಧಾನಕ್ಕೆ ಕಟ್ಟುವುದಾದರೆ ಅದು ಹೂಡಿಕೆಯಲ್ಲ.

ಕಟ್ಟುವುದೇ ಆದರೆ ಮೇಸ್ತ್ರಿಯ ಮಾತಿಗೆ ಮುಂಚೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಕಾಲುವೆ ನೀರಿನ ಆ ಸೀಮೆಯಲ್ಲಿ ಎರೆಮಣ್ಣು ಹೆಚ್ಚು. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಹೋದ ಬಿರುಕು ಬೇಸಿಗೆಗೆ ಅಗಲವಾಗಿ ಮಳೆಗೆ ಕೂಡಿಕೊಳ್ಳುತ್ತಿದ್ದರೆ ಪಾಯವೇ ಅಲುಗುತ್ತಿದೆ ಎಂದರ್ಥ, ಅದರ ಮೇಲೆ ಭಾರ ಹೇರುವಂತಿಲ್ಲ. ಆ ಕಾಲದ ಬಹಳ ಮನೆಗಳಿಗೆ ಕಾಲಂ ಇಲ್ಲ, ಗೋಡೆಯೇ ಭಾರ ಹೊರುತ್ತದೆ. ಒಂಬತ್ತು ಇಂಚಿನ ಗೋಡೆ ಇನ್ನೊಂದು ಮಹಡಿ ತಾಳಬಹುದು, ನಾಲ್ಕೂವರೆ ಇಂಚಿನ ಒಳಗೋಡೆ ತಾಳದು; ಮೇಲಿನ ಗೋಡೆ ಕೆಳಗಿನ ದಪ್ಪ ಗೋಡೆಯ ನೇರಕ್ಕೇ ಬರಬೇಕು. ಎರಡು ಮೂಲೆಯಲ್ಲಿ ಗುಂಡಿ ತೋಡಿಸಿ ಪಾಯದ ಆಳ ನೋಡಿ. ಸ್ಲ್ಯಾಬಿನ ಕೆಳಗೆ ಸಿಮೆಂಟ್ ಉದುರಿ ತುಕ್ಕು ಹಿಡಿದ ಸರಳು ಕಾಣುತ್ತಿದ್ದರೆ 14 ಲಕ್ಷದ ಅಂದಾಜು ಸುಳ್ಳಾಗುತ್ತದೆ.

ಅದಕ್ಕಿಂತ ಮುಖ್ಯ ಕಾಗದ. ಮನೆ ತಂದೆಯವರ ಸ್ವಯಾರ್ಜಿತವಾಗಿದ್ದು, ಉಯಿಲು ಬರೆಯದೆ ಅವರು ತೀರಿಕೊಂಡರೆ, ತಾಯಿ, ಇಬ್ಬರು ಅಕ್ಕಂದಿರು, ನೀವು ನಾಲ್ವರಿಗೂ ಸಮಪಾಲು. ನೀವು ಕಂತು ಕಟ್ಟಿ ಕಟ್ಟಿದ ಮಹಡಿಯೂ ಅದರಲ್ಲೇ ಸೇರುತ್ತದೆ. ಪ್ಲಾಟ್ ಕೊಂಡ ಹಣ ಪಿತ್ರಾರ್ಜಿತ ಹೊಲ ಮಾರಿ ಬಂದದ್ದಾಗಿದ್ದರೆ ಅಕ್ಕಂದಿರ ಹಕ್ಕು ಹುಟ್ಟಿನಿಂದಲೇ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಇನ್ನಷ್ಟು ಸ್ಪಷ್ಟಗೊಳಿಸಿತು. "ಅರಿಷಿಣ ಕುಂಕುಮಕ್ಕೆ ಕೊಟ್ಟಾಗಿದೆ" ಎಂಬುದು ಕಾನೂನಿನಲ್ಲಿ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ತಂದೆ ಗಟ್ಟಿಯಾಗಿರುವಾಗಲೇ ಎಲ್ಲರನ್ನೂ ಕೂರಿಸಿ ಮನೆಯ ಇಂದಿನ ಬೆಲೆ ಬರೆದು, ಅಕ್ಕಂದಿರಿಗೆ ಏನು ಸಲ್ಲಬೇಕು ಎಂದು ನಿರ್ಧರಿಸಿ, ಕೊಟ್ಟು, ನೋಂದಾಯಿತ ಪತ್ರ ಮಾಡಿಸಿ. ಕೆಳಮನೆಯಲ್ಲಿ ತಂದೆತಾಯಿ ಇಬ್ಬರಿಗೂ ಜೀವ ಇರುವವರೆಗೆ ವಾಸದ ಹಕ್ಕು ಎಂದು ಆ ಪತ್ರದಲ್ಲೇ ಬರೆಸಿ. ಮಹಡಿಯ ಪಾಯಪೂಜೆ ಇದಾದ ಮೇಲೆ.

ಈ ತಿಂಗಳಿಂದ ಮಾಡಬೇಕಾದ್ದು: 12,000 ಉಳಿತಾಯದಲ್ಲಿ 5,000ವನ್ನು ಸ್ವಯಂಪ್ರೇರಿತ ಪಿಎಫ್‌ಗೆ ಹಾಕಲು ಎಚ್‌ಆರ್‌ಗೆ ಬರೆದುಕೊಡಿ, ಸಂಬಳ ಏರಿದಂತೆ ಅದನ್ನೂ ಶೇ. 6 ಏರಿಸಿ. 58ಕ್ಕೆ ಅದೊಂದೇ 88 ಲಕ್ಷ, ಇಂದಿನ ಬೆಲೆಯಲ್ಲಿ 25 ಲಕ್ಷದ ಹತ್ತಿರ. ತಿಂಗಳ ಆದಾಯ 12–13 ಸಾವಿರದಿಂದ 21 ಸಾವಿರಕ್ಕೆ ಬರುತ್ತದೆ. ಎಫ್‌ಡಿಯಲ್ಲಿ 2.5 ಲಕ್ಷ ಆಪತ್ತಿಗೆ. 75 ಲಕ್ಷದಿಂದ ಒಂದು ಕೋಟಿಯ ಟರ್ಮ್ ವಿಮೆ ಮೊದಲು, ಮನೆ ಸಾಲ ಆಮೇಲೆ. ಉಳಿದ ಹಣ ಮನೆಯ ಮುಂಗಡಕ್ಕೆ ಕೂಡಲಿ. ಅಷ್ಟರಲ್ಲಿ ಬೆಲೆ ಏರುವುದಿಲ್ಲವೇ ಎಂದರೆ, ಏರಬಹುದು. ಆಗ ಹೊಸದರ ಬದಲು ಹದಿನೈದು ವರ್ಷ ಹಳೆಯ ಚಿಕ್ಕ ಮನೆ ನೋಡಿ. ಕೊಪ್ಪಳದಲ್ಲಿ ನೀವು ಕೊಳ್ಳುತ್ತಿರುವುದು ವಾಸಕ್ಕೆ.

ಕೊನೆಯದಾಗಿ ಇಂದೇ ನಿಮ್ಮ ಪಿಎಫ್ ಪಾಸ್‌ಬುಕ್ ತೆರೆದು ನೋಡಿ. ಮೊದಲು ಗುತ್ತಿಗೆದಾರನ ಕೈಕೆಳಗೆ ಸೇರಿದ್ದರೆ ಕೆಲವು ತಿಂಗಳ ಜಮೆ ಬಿಟ್ಟುಹೋಗಿರುವುದು, ಕೆಲಸ ಬಿಟ್ಟ ದಿನಾಂಕ ದಾಖಲಾಗದಿರುವುದು, ಆಧಾರ್‌ನಲ್ಲಿ ಒಂದು ಹೆಸರು ಪಿಎಫ್‌ನಲ್ಲಿ ಇನ್ನೊಂದು ಇರುವುದು ಈ ಭಾಗದ ಕಾರ್ಖಾನೆಗಳಲ್ಲಿ ಸಾಮಾನ್ಯ. ಹಳೆಯ ಖಾತೆಯನ್ನು ಈಗಿನದಕ್ಕೆ ವರ್ಗಾಯಿಸಿ. ಅದರ ಇಪಿಎಸ್ ಭಾಗವನ್ನು ನಗದು ಮಾಡಿಕೊಳ್ಳಬೇಡಿ, ಮಾಡಿಕೊಂಡರೆ ಆ ಸೇವಾ ವರ್ಷಗಳು ಅಳಿಸಿಹೋಗುತ್ತವೆ. ಇ-ನಾಮಿನೇಷನ್‌ನಲ್ಲಿ ಹೆಂಡತಿಯ ಹೆಸರಿದೆಯೇ ನೋಡಿ; ಸೇವೆಯಲ್ಲಿದ್ದಾಗ ಸಾವು ಸಂಭವಿಸಿದರೆ ಪಿಎಫ್‌ಗೆ ಅಂಟಿಕೊಂಡಿರುವ ವಿಮೆಯಿಂದ 7 ಲಕ್ಷದವರೆಗೆ ಬರುತ್ತದೆ. ಮದುವೆಗೆ ಮುಂಚೆ ತುಂಬಿದ ನಾಮಿನೇಷನ್ ಆಗಿದ್ದರೆ ಅದು ಮದುವೆಯಾದಾಗಲೇ ಅಸಿಂಧುವಾಗಿರುತ್ತದೆ, ಹೊಸದು ತುಂಬಿ.